ಮತ ಸಿಕ್ಕಿತು, ಗಣಿ ಸಿಗಲಿಲ್ಲ

1994ರ ಏಪ್ರಿಲ್ 27ರಂದು ದಕ್ಷಿಣ ಆಫ್ರಿಕಾದ ಕಪ್ಪು ಜನ ಹನುಮಂತನ ಬಾಲದಂಥ ಸಾಲುಗಳಲ್ಲಿ ನಿಂತು ಮೊದಲ ಬಾರಿ ಮತ ಹಾಕಿದರು. ಆ ಚಿತ್ರ ಇಂದಿಗೂ ಕಣ್ಣು ತುಂಬಿಸುತ್ತದೆ. ಆದರೆ ಅದಕ್ಕೂ ಕೆಲವೇ ತಿಂಗಳು ಮೊದಲು, 1993ರ ಡಿಸೆಂಬರ್‌ನಲ್ಲಿ, ಐಎಂಎಫ್‌ನಿಂದ 85 ಕೋಟಿ ಡಾಲರ್ ಸಾಲಕ್ಕೆ ಸಹಿ ಬಿದ್ದಿತ್ತು. ನೆಲ್ಸನ್ ಮಂಡೇಲಾ ಅವರ ಪಕ್ಷ ಎಎನ್‌ಸಿಯ ಪ್ರತಿನಿಧಿಗಳೂ ಕೂತಿದ್ದ ಮಧ್ಯಂತರ ಮಂಡಳಿ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ಸರ್ಕಾರದ ಖರ್ಚಿಗೆ ಕಡಿವಾಣ, ಕೂಲಿ ಏರಿಕೆಗೆ ಹಿಡಿತ ಎಂಬ ಭರವಸೆಗಳು ಅದರ ಜೊತೆಗಿದ್ದವು. ಜನ ಮತ ಹಾಕುವ ಮೊದಲೇ ಅವರು ಆರಿಸಲಿದ್ದ ಸರ್ಕಾರದ ಕೈ ಕಟ್ಟುವ ಕೆಲಸ ಶುರುವಾಗಿತ್ತು.

ಆ ದೇಶದ ಅಸಮಾನತೆ ತಾನಾಗಿ ಬೆಳೆದ ಕಳೆಯಲ್ಲ. 1913ರ ಭೂ ಕಾಯ್ದೆ ಬಹುಸಂಖ್ಯಾತ ಕಪ್ಪು ಜನರಿಗೆ ಉಳಿಸಿದ್ದು ಶೇ 7ರಷ್ಟು ನೆಲ. 1936ರಲ್ಲಿ ಅದು ಶೇ 13ಕ್ಕೆ ಏರಿತು. 1955ರಲ್ಲಿ ಕ್ಲಿಪ್‌ಟೌನ್‌ನ ಬಯಲಿನಲ್ಲಿ ಸೇರಿದ ಜನ ಸ್ವಾತಂತ್ರ್ಯ ಸನ್ನದನ್ನು ಒಪ್ಪಿದಾಗ ಅದರಲ್ಲಿ ನಮ್ಮ ‘ಉಳುವವನೇ ಹೊಲದೊಡೆಯ’ ಎಂಬ ಮಾತಿಗೆ ತೀರಾ ಹತ್ತಿರದ ಆಶಯವಿತ್ತು. ಗಣಿ, ಬ್ಯಾಂಕುಗಳು ಜನರ ಸ್ವತ್ತಾಗಬೇಕು ಎಂದೂ ಇತ್ತು. 1990ರಲ್ಲಿ ಜೈಲಿನಿಂದ ಹೊರಬಂದ ನೆಲ್ಸನ್ ಮಂಡೇಲಾ ಅದನ್ನೇ ಹೇಳುತ್ತಿದ್ದರು. 1992ರಲ್ಲಿ ದಾವೋಸ್‌ನ ವಿಶ್ವ ಆರ್ಥಿಕ ವೇದಿಕೆಗೆ ಹೋಗಿಬಂದ ಮೇಲೆ ಅವರ ಧಾಟಿ ಬದಲಾಯಿತು.

ಮಂಡೇಲಾ ಅವರನ್ನು ದೂರುವುದು ಸುಲಭ. ಆದರೆ ಅವರ ಎದುರಿಗಿದ್ದ ಭಯ ಸುಳ್ಳಲ್ಲ. ಸೋವಿಯತ್ ಒಕ್ಕೂಟ ಕುಸಿದುಬಿದ್ದಿತ್ತು, ಬೊಕ್ಕಸ ಬರಿದಾಗಿತ್ತು, ಬೀದಿಯಲ್ಲಿ ರಕ್ತ ಹರಿಯುತ್ತಿತ್ತು. ಆಸ್ತಿ ಹಕ್ಕನ್ನು ಸಂವಿಧಾನದಲ್ಲಿ ಸೇರಿಸಿದ್ದು, ಹಳೆಯ ಆಡಳಿತದ ಹಣಕಾಸು ಸಚಿವ ಡೆರೆಕ್ ಕೀಸ್ ಮತ್ತು ರಿಸರ್ವ್ ಬ್ಯಾಂಕ್ ಗವರ್ನರ್ ಕ್ರಿಸ್ ಸ್ಟಾಲ್ಸ್ ಅವರನ್ನು ಹುದ್ದೆಯಲ್ಲೇ ಉಳಿಸಿಕೊಂಡಿದ್ದು ಆ ಭಯದ ಫಲ. ಅಷ್ಟನ್ನು ನಾನು ಒಪ್ಪುತ್ತೇನೆ. ಒಪ್ಪಲಾಗದ್ದು, ಹಳೆಯ ಆಡಳಿತ ತಮ್ಮನ್ನು ತುಳಿಯಲು ಬಳಸಿದ ಸಾಲವನ್ನೂ ಕಪ್ಪು ಜನರೇ ತೀರಿಸಬೇಕಾಗಿ ಬಂದದ್ದು. ಒಪ್ಪಲಾಗದ್ದು, 1996ರ ಜೂನ್‌ನಲ್ಲಿ ‘ಗಿಯರ್’ ಎಂಬ ಆರ್ಥಿಕ ನೀತಿಯನ್ನು ಚರ್ಚೆಗೆ ಅವಕಾಶವಿಲ್ಲವೆಂದು ಹೇರಿದ್ದು. 2000ದ ಹೊತ್ತಿಗೆ ವರ್ಷಕ್ಕೆ ನಾಲ್ಕು ಲಕ್ಷ ಉದ್ಯೋಗ ಸೃಷ್ಟಿಯಾಗುತ್ತವೆ ಎಂದು ಅದು ಹೇಳಿತ್ತು. ಇದ್ದ ಉದ್ಯೋಗಗಳೇ ಕರಗಿದವು. ಹೂಡಿಕೆದಾರರನ್ನು ಓಲೈಸಲೆಂದು ಬಾಗಿಲು ತೆರೆದರೆ, 1999ರಲ್ಲಿ ಆಂಗ್ಲೊ ಅಮೆರಿಕನ್, ಸೌತ್ ಆಫ್ರಿಕನ್ ಬ್ರೂವರೀಸ್, ಓಲ್ಡ್ ಮ್ಯೂಚುವಲ್‌ನಂಥ ದೈತ್ಯ ಕಂಪನಿಗಳು ಅದೇ ಬಾಗಿಲಿನಿಂದ ಲಂಡನ್ ಷೇರುಪೇಟೆಗೆ ಹೊರಟುಹೋದವು.

ಸರ್ಕಾರ ಏನೂ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ಲಕ್ಷಾಂತರ ಮನೆ ಕಟ್ಟಿಕೊಟ್ಟಿತು, ನೀರು ಮತ್ತು ವಿದ್ಯುತ್ ಮುಟ್ಟಿಸಿತು. 1998ರಲ್ಲಿ ಆರಂಭವಾದ ಮಕ್ಕಳ ಮಾಸಾಶನ ಎಷ್ಟೋ ಒಲೆಗಳನ್ನು ಆರದಂತೆ ಕಾದಿದೆ. ಆದರೆ ಆ ಮನೆಗಳು ಎಲ್ಲಿವೆ ನೋಡಿ. ನಗರದ ನೆಲ ದುಬಾರಿ. ಹಾಗಾಗಿ 30–40 ಚದರ ಮೀಟರಿನ ಆ ಪುಟ್ಟ ಮನೆಗಳು ಎದ್ದದ್ದು ಊರಾಚೆ, ವರ್ಣಭೇದದ ಸರ್ಕಾರ ಕಪ್ಪು ಜನರನ್ನು ದೂಡಿದ್ದ ದಿಕ್ಕಿನಲ್ಲೇ. ಮನೆಗೆಲಸದ ಹೆಣ್ಣುಮಗಳು ಇನ್ನೂ ಕತ್ತಲಿರುವಾಗಲೇ ಮಿನಿಬಸ್ ಟ್ಯಾಕ್ಸಿಯ ಸಾಲಿನಲ್ಲಿ ನಿಲ್ಲುತ್ತಾಳೆ. ಸಂಬಳದ ದೊಡ್ಡ ಪಾಲು ಓಡಾಟಕ್ಕೇ ಹೋಗುತ್ತದೆ. ಜೋಹಾನ್ಸ್‌ಬರ್ಗ್‌ನಲ್ಲಿ ತಗಡಿನ ಮನೆಗಳು ಒತ್ತೊತ್ತಾಗಿ ನಿಂತ ಅಲೆಕ್ಸಾಂಡ್ರಾಗೂ ಗಾಜಿನ ಗೋಪುರಗಳ ಸ್ಯಾಂಡ್ಟನ್‌ಗೂ ನಡುವೆ ಇರುವುದು ಒಂದು ಹೆದ್ದಾರಿ ಮಾತ್ರ. 2014ರ ಲೆಕ್ಕದಲ್ಲಿ ಅಸಮಾನತೆಯನ್ನು ಅಳೆಯುವ ಗಿನಿ ಸೂಚ್ಯಂಕ ಆ ದೇಶಕ್ಕೆ 0.63, ವಿಶ್ವಬ್ಯಾಂಕ್‌ನ ಪಟ್ಟಿಯಲ್ಲಿ ಅದನ್ನು ಮೀರಿದ ಅಸಮಾನ ದೇಶವಿಲ್ಲ.

ಹೊಲದ ಕಥೆಯೂ ಅಷ್ಟೇ. ಐದು ವರ್ಷದಲ್ಲಿ ಬಿಳಿಯರ ಕೃಷಿಭೂಮಿಯ ಶೇ 30ರಷ್ಟನ್ನು ಹಂಚುತ್ತೇವೆ ಎಂದು ಎಎನ್‌ಸಿ ನಾಯಕರು ಹೇಳಿದ್ದರು. ಮಾರುವವರಿಗೆ ಮನಸ್ಸಿದ್ದರೆ ಮಾತ್ರ ಸರ್ಕಾರ ಕೊಳ್ಳಬೇಕು ಎಂದಾದ ಮೇಲೆ ಗಡುವು ಮುಂದೆ ಮುಂದೆ ಹೋಯಿತು.

ಈ ಇಡೀ ಕಥೆ ಒಬ್ಬ ಮನುಷ್ಯನ ಬದುಕಿನಲ್ಲಿ ಅಡಕವಾಗಿದೆ. 1982ರಲ್ಲಿ ಗಣಿ ಕಾರ್ಮಿಕರ ಸಂಘ ಕಟ್ಟಿದವರಲ್ಲಿ ಸಿರಿಲ್ ರಾಮಫೋಸಾ ಪ್ರಮುಖರು. ಸಂವಿಧಾನ ರಚನಾ ಸಭೆಗೆ ಅವರೇ ಅಧ್ಯಕ್ಷರು. ಆಮೇಲೆ ಉದ್ಯಮಕ್ಕಿಳಿದು ಸಿರಿವಂತರಾದರು. 2012ರ ಆಗಸ್ಟ್‌ನಲ್ಲಿ ಮಾರಿಕಾನಾದ ಪ್ಲಾಟಿನಂ ಗಣಿಯಲ್ಲಿ ಬಂಡೆ ಕೊರೆಯುವ ಕಾರ್ಮಿಕರು ತಿಂಗಳಿಗೆ 12,500 ರ್‍ಯಾಂಡ್ ಕೂಲಿ ಕೇಳಿ ಗುಡ್ಡವೊಂದರ ಬಳಿ ಕೂತರು. 16ರಂದು ಪೊಲೀಸರ ಗುಂಡಿಗೆ 34 ಮಂದಿ ಸತ್ತರು. ಆಗ ರಾಮಫೋಸಾ ಆ ಗಣಿ ಕಂಪನಿ ಲಾನ್‌ಮಿನ್‌ನ ನಿರ್ದೇಶಕರಲ್ಲೊಬ್ಬರು. ತನಿಖಾ ಆಯೋಗ ಅವರನ್ನು ಸಾವುಗಳ ಹೊಣೆಯಿಂದ ಮುಕ್ತಗೊಳಿಸಿತು. ಆದರೂ ಕಾರ್ಮಿಕ ನಾಯಕನನ್ನು ಮೇಜಿನ ಆಚೆ ಬದಿಗೆ ಕೂರಿಸಿಕೊಂಡ ವ್ಯವಸ್ಥೆ ಮೇಜನ್ನು ಮಾತ್ರ ಕದಲಿಸಿರಲಿಲ್ಲ.

1994ರಲ್ಲಿ ಶೇ 62ಕ್ಕೂ ಹೆಚ್ಚು ಮತ ಪಡೆದಿದ್ದ ಎಎನ್‌ಸಿ 2024ರಲ್ಲಿ ಶೇ 40ರ ಆಸುಪಾಸಿಗೆ ಇಳಿದು, ಮೊದಲ ಬಾರಿಗೆ ಬಹುಮತ ಕಳೆದುಕೊಂಡಿತು. 2025ರ ಜನವರಿಯಲ್ಲಿ, ಈಗ ಅಧ್ಯಕ್ಷರಾಗಿರುವ ರಾಮಫೋಸಾ, ಕೆಲವು ಸಂದರ್ಭಗಳಲ್ಲಿ ಪರಿಹಾರವಿಲ್ಲದೆಯೂ ಭೂಮಿ ವಶಪಡಿಸಿಕೊಳ್ಳಬಹುದು ಎನ್ನುವ ಕಾಯ್ದೆಗೆ ಸಹಿ ಹಾಕಿದರು. ಮರುತಿಂಗಳೇ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್, ಆ ಕಾಯ್ದೆಯನ್ನು ಮುಂದಿಟ್ಟು ದಕ್ಷಿಣ ಆಫ್ರಿಕಾಕ್ಕೆ ನೆರವು ನಿಲ್ಲಿಸುವ ಆದೇಶ ಹೊರಡಿಸಿದರು.