ಕೋಡಿಗೆ ಬೆಣೆ ಹೊಡೀಬೇಡ್ರೋ

1/6

ಹೋದ ವಾರ ಒಂದು ಫೋಟೋ ಹಾಕಿದ್ದೆ. ಬೋಟಿನ ಮಂಚದ ಕೆಳಗೆ ಬಿಸಿನೀರಿನ ಬಾಯ್ಲರ್, ಹಿಂದೆ ನೆಲದ ಮೇಲೆ ನೀರು. "ಏನ್ ಮಾಡ್ತೀರಾ?" ಅಂತ ಕೇಳಿದ್ದೆ. ಅರ್ಧ ಜನ "ಎಂ-ಸೀಲ್ ಹಚ್ಚು ಮಗಾ, ಐದು ನಿಮಿಷದ ಕೆಲಸ" ಅಂದ್ರಿ. ಉಳಿದರ್ಧ "ಟ್ಯಾಂಕ್ ಹೋಯ್ತು, ಹೊಸದು ಹಾಕ್ಸು" ಅಂದ್ರಿ. ಇದರಲ್ಲಿ ನಮ್ಮ ಮೆಕ್ಯಾನಿಕಲ್ ಬ್ಯಾಚಿನವರೇ ಜಾಸ್ತಿ! ಥರ್ಮೋಡೈನಮಿಕ್ಸ್ ಲ್ಯಾಬಲ್ಲಿ ನನ್ನ ರೆಕಾರ್ಡ್ ಕಾಪಿ ಹೊಡೆದವರು ಕೂಡ. "ನೀರು ಎಲ್ಲಿಂದ ಬರ್ತಿದೆ?" ಅಂತ ಒಬ್ಬರೂ ಕೇಳಲಿಲ್ಲ.

ಅದಕ್ಕೇ ಈ ಸರಣಿ. ಜಗಳ ಆಡೋಕೇ ಬರೀತಿದ್ದೀನಿ, ಬೇಜಾರಾದ್ರೆ ಆಗ್ಲಿ.

2/6

ಹೊಸದಾಗಿ ಫಾಲೋ ಮಾಡ್ತಿರೋರಿಗೆ: ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿ ಓದ್ತಿದ್ದೀನಿ, ವಾರಾಂತ್ಯ ಕಾಲುವೆ ಪಕ್ಕದ ಒಂದು ಬೋಟ್ ಯಾರ್ಡಲ್ಲಿ ಕೆಲಸ. ರಜೆಗೆ ಬರೋ ಕುಟುಂಬಗಳಿಗೆ ಬಾಡಿಗೆ ಕೊಡೋ ನ್ಯಾರೋಬೋಟ್‌ಗಳು. ಫೋಟೋದಲ್ಲಿರೋದು 57 ಅಡಿ ಉದ್ದ, ಆದ್ರೆ ಅಗಲ 7 ಅಡಿಯೂ ಇಲ್ಲ. ಇಲ್ಲಿನ ಹಳೇ ಲಾಕ್‌ಗಳು ಅಷ್ಟೇ ಕಿರಿದು, ಬೋಟು ಅದಕ್ಕೆ ತಕ್ಕ ಹಾಗೆ. ನಮ್ಮ ರೈಲಿನ ಬೋಗಿಗಿಂತ ಸಪೂರದ ಉಕ್ಕಿನ ಡಬ್ಬಿ ಅನ್ಕೊಳ್ಳಿ. ಒಳಗೆ ಅಡುಗೆಮನೆ, ಬಚ್ಚಲು, ಮಂಚ, ಎಲ್ಲಾ ಇದೆ.

ಬಿಸಿನೀರು ಹೇಗೆ ಬರುತ್ತೆ ಅಂದ್ರೆ, ಡೀಸೆಲ್ ಇಂಜಿನ್ ತಣ್ಣಗಾಗಿಸೋ ಕೂಲಂಟ್ ಇದೆಯಲ್ಲ, ಅದನ್ನ ಒಂದು ಸುರುಳಿ ಕೊಳವೆಯಲ್ಲಿ ಬಾಯ್ಲರ್ ಒಳಗೆ ಸುತ್ತಿಸ್ತಾರೆ. ಬೋಟು ಓಡಿದ್ರೆ ಸ್ನಾನಕ್ಕೆ ನೀರು ಪುಕ್ಕಟೆ. ದಡಕ್ಕೆ ಕಟ್ಟಿದಾಗ ಬೇಕು ಅಂದ್ರೆ ಅದರಲ್ಲೇ ಒಂದು 230 ವೋಲ್ಟ್ ಹೀಟಿಂಗ್ ಕಾಯಿಲ್ ಕೂಡ ಇರುತ್ತೆ. ಚೆನ್ನಾಗಿರೋ ಐಡಿಯಾ, ಸುಳ್ಳು ಹೇಳಲ್ಲ.

ಈಗ ಲೆಕ್ಕ. ನಮ್ಮ ಬಾಯ್ಲರ್ 50 ಲೀಟರ್. 20 ಡಿಗ್ರಿ ನೀರು 80 ಡಿಗ್ರಿಗೆ ಹೋದ್ರೆ ಸುಮಾರು 2.7% ಹಿಗ್ಗುತ್ತೆ. ಅಂದ್ರೆ ಹತ್ತಿರ ಹತ್ತಿರ 1.4 ಲೀಟರ್. ಅಜ್ಜಿ ಮನೆ ಹಂಡೆಗೆ ದೊಡ್ಡ ಬಾಯಿ ಇತ್ತು, ನೀರು ಮೇಲೆ ಬರ್ತಿತ್ತು, ಅಷ್ಟೇ. ಈ ಬಾಯ್ಲರ್ ಮುಚ್ಚಿದ ಡಬ್ಬಿ. ಆ 1.4 ಲೀಟರ್ ಎಲ್ಲಿ ಹೋಗ್ಬೇಕು? ಅದಕ್ಕೇ ಪಕ್ಕದಲ್ಲಿ ಒಂದು ಪುಟ್ಟ ಎಕ್ಸ್‌ಪಾನ್ಷನ್ ಟ್ಯಾಂಕ್ ಇಡ್ತಾರೆ. ಒಳಗೆ ರಬ್ಬರ್ ಪರದೆ, ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ನೀರು ಹಿಗ್ಗಿದ್ರೆ ಗಾಳಿ ಕುಗ್ಗಿ ಜಾಗ ಬಿಡುತ್ತೆ. ಅದೂ ಕೈಕೊಟ್ರೆ ಕೊನೇ ದಾರಿ ಸೇಫ್ಟಿ ವಾಲ್ವ್. ನಮ್ಮದರಲ್ಲಿ 3 ಬಾರ್ ಒತ್ತಡ ದಾಟಿದ್ರೆ ತಾನೇ ತೆರೆದು ನೀರು ಬಿಡುತ್ತೆ.

ಊರ ಕೆರೆಗೆ ಕೋಡಿ ಇದ್ದ ಹಾಗೆ ಅದು. ಕೋಡಿ ಬಿದ್ರೆ ಬಾಗಿನ ಕೊಡ್ತೀವಿ, ಮಂಗಳವಾದ್ಯ ಊದಿಸ್ತೀವಿ. "ಅಯ್ಯೋ ನೀರು ಪೋಲಾಗ್ತಿದೆ" ಅಂತ ಯಾರಾದ್ರೂ ಕೋಡಿಗೆ ಸಿಮೆಂಟ್ ಹಾಕ್ತಾರಾ? ಏರಿ ಒಡೆದು ಊರೇ ಕೊಚ್ಚಿಹೋಗುತ್ತೆ ಅಂತ ಹಳ್ಳಿಯ ಚಿಕ್ಕ ಹುಡುಗನಿಗೂ ಗೊತ್ತು.

3/6

ನೀರು ಬಿದ್ದಿದ್ದು ಬೋಟಿನ ಹಿಂಭಾಗದಲ್ಲಿ, ಬಾಯ್ಲರಿಂದ ಎರಡು ಮಾರು ಆಚೆ. ನೀರು ಕಂಡಲ್ಲಿ ಸೋರಿಕೆ ಇದೆ ಅನ್ನೋದು ಮೊದಲ ಮೂಢನಂಬಿಕೆ. ನ್ಯಾರೋಬೋಟ್ ಸಾಮಾನ್ಯವಾಗಿ ಹಿಂದಕ್ಕೆ ಒಂಚೂರು ತಗ್ಗಾಗಿ ಕೂತಿರುತ್ತೆ. ಮುಂದಿನ ಕಿಟಕಿಯಿಂದ ಮಳೆನೀರು ಇಳಿದ್ರೂ, ತಣ್ಣನೆ ಪೈಪು ಬೆವರಿದ್ರೂ, ಎಲ್ಲಾ ಹರ್ಕೊಂಡು ಬಂದು ಹಿಂದೇನೇ ನಿಲ್ಲೋದು.

ಯಾವ ನೀರು ಅನ್ನೋದು ಮೊದಲ ಪ್ರಶ್ನೆ. ಬಿಳಿ ಟಿಶ್ಯೂ ಅದ್ದಿ ನೋಡಿ. ನೀಲಿನೋ ಗುಲಾಬಿನೋ ಬಣ್ಣ ಬಂದ್ರೆ ಅದು ಕೂಲಂಟ್. ದಯವಿಟ್ಟು ನಾಲಿಗೆಗೆ ಇಟ್ಟು ನೋಡೋ ಬುದ್ಧಿವಂತಿಕೆ ಬೇಡ. ಸಾಮಾನ್ಯವಾಗಿ ಅದರಲ್ಲಿರೋ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತೆ, ಕಿಡ್ನಿ ತೆಗೆಯುತ್ತೆ. ಬಾಯ್ಲರ್ ಒಳಗಿನ ಸುರುಳಿಯೇ ತೂತಾಗಿದ್ರೆ ಈ ವಿಷ ಮುಖ ತೊಳೆಯೋ ನೀರಿಗೇ ಸೇರಬಹುದು, ಹೊರಗೆ ಒಂದು ಹನಿಯೂ ಕಾಣದೆ. ಇಂಜಿನ್ ಕೂಲಂಟ್ ಮಟ್ಟ ಸುಮ್ಮಸುಮ್ಮನೆ ಏರಿದ್ರೂ ಇಳಿದ್ರೂ ಅನುಮಾನ ಪಡಬೇಕು. ನಮ್ಮದು ಬಣ್ಣ ಇಲ್ಲದ ನೀರು, ಕೂಲಂಟ್ ಮಟ್ಟ ಅಲ್ಲೇ ಇತ್ತು. ಸುರುಳಿ ಪಾಸ್.

ಆಮೇಲೆ ದಡದಿಂದ ಬರೋ ಕರೆಂಟ್ ಕಿತ್ತು, ಎಲ್ಲಾ ಒರೆಸಿ ಒಣಗಿಸಿ, ಪ್ರತಿ ಜಾಯಿಂಟಿಗೂ ಒಂದೊಂದು ಟಿಶ್ಯೂ ಸುತ್ತಿದೆ. (ಎರಡನೇ ಫೋಟೋ. ಬಾಯ್ಲರ್‌ಗೆ ಬ್ಯಾಂಡೇಜ್ ಕಟ್ಟಿದ ಹಾಗಿದೆ, ಗೊತ್ತು.) ಇಂಜಿನ್ ಆಫ್, ನಲ್ಲಿಗಳೆಲ್ಲಾ ಬಂದ್, ಪಂಪ್ ಮಾತ್ರ ಆನ್. ಎಲ್ಲೋ ಸೋರ್ತಿದ್ರೆ ಒತ್ತಡ ಇಳಿದು ಪಂಪು ಆಗಾಗ "ಟರ್ರ್" ಅನ್ನುತ್ತೆ. ರಾತ್ರಿಯಿಡೀ ಒಂದ್ಸಲಾನೂ ಅನ್ನಲಿಲ್ಲ. ಬೆಳಿಗ್ಗೆ ಟಿಶ್ಯೂ ಎಲ್ಲಾ ಒಣ.

ಇಲ್ಲೇ ಅರ್ಧ ಉತ್ತರ ಸಿಕ್ತು. ತಣ್ಣಗಿದ್ದಾಗ ಸೋರಲ್ಲ. ಹಾಗಾದ್ರೆ ಟ್ಯಾಂಕ್ ತೂತಾಗಿಲ್ಲ. ಹೊಸ ಟ್ಯಾಂಕ್ ಪಾರ್ಟಿಯವರು ಆರಾಮಾಗಿ ಕೂತ್ಕೊಳ್ಳಿ.

4/6

ಒಂದು ಗಂಟೆ ಇಂಜಿನ್ ಓಡಿಸಿದೆ. ಹೀಟಿಂಗ್ ಕಾಯಿಲ್ ಕೂರೋ ಜಾಗದ ಟಿಶ್ಯೂ ಒದ್ದೆ. ಅದರ ಸುತ್ತ ಬೂದು ಬಣ್ಣದ ಒಂದು ಗುಡ್ಡೆ: ನಿಮ್ಮ ಪ್ರೀತಿಯ ಎಂ-ಸೀಲ್ ಥರದ್ದೇ ಯಾವುದೋ ಪುಟ್ಟಿ. ನನಗಿಂತ ಮೊದಲೇ ಯಾರೋ ನಿಮ್ಮ ಸಲಹೆ ಪಾಲಿಸಿದ್ರು! ಸೇಫ್ಟಿ ವಾಲ್ವ್ ಕಡೆ ಟಾರ್ಚ್ ಹಿಡಿದೆ. ಅದರ ಹೊರಬಾಯಿಗೆ ಒಂದು ಹಿತ್ತಾಳೆ ಪ್ಲಗ್ ಬಿಗಿದಿದ್ರು. ಮೂರನೇ ಫೋಟೋ ಝೂಮ್ ಮಾಡಿ ನೋಡಿ.

ಕೊನೆಗೆ ಎಕ್ಸ್‌ಪಾನ್ಷನ್ ಟ್ಯಾಂಕ್. ಸೈಕಲ್ ಟ್ಯೂಬಿಗೆ ಇರೋ ಥರದ್ದೇ ವಾಲ್ವ್ ಇರುತ್ತೆ ಅದಕ್ಕೆ. ಪಿನ್ ಒತ್ತಿದೆ. ಗಾಳಿ ಬರೋ ಬದಲು ನೀರು ಚಿಮ್ಮಿತು. ಒಳಗಿನ ರಬ್ಬರ್ ಹರಿದಿತ್ತು.

ಈಗ ಹಿಂದಿನಿಂದ ಓದಿ. ರಬ್ಬರ್ ಹರೀತು, ಹಿಗ್ಗಿದ ನೀರಿಗೆ ಜಾಗ ಇಲ್ಲ. ಸೇಫ್ಟಿ ವಾಲ್ವ್ ತನ್ನ ಕೆಲಸ ಮಾಡಿ ತೊಟ್ಟಿಕ್ಕಿತು. ಯಾರೋ ಮಹಾನುಭಾವರು "ವಾಲ್ವ್ ಸೋರ್ತಿದೆ" ಅಂತ ಪ್ಲಗ್ ಬಡಿದ್ರು. ಒತ್ತಡ ಬೇರೆ ದಾರಿ ಹುಡುಕಿ ಕಾಯಿಲ್ ಗ್ಯಾಸ್ಕೆಟ್ಟಿಂದ ಹೊರಬಂತು, 230 ವೋಲ್ಟ್ ವೈರಿನ ಪಕ್ಕದಲ್ಲೇ. ಅದಕ್ಕೂ ಪುಟ್ಟಿ ಮೆತ್ತಿದ್ರು. ಪುಟ್ಟಿ ಸರಿಯಾಗಿ ಹಿಡಿಯದೇ ಇದ್ದಿದ್ದೇ ಆ ಬೋಟಿನ ಪುಣ್ಯ. ಹಿಡಿದಿದ್ದು, ಜೊತೆಗೆ ಥರ್ಮೋಸ್ಟಾಟೂ ಕೆಟ್ಟಿದ್ರೆ? ಮುಚ್ಚಿದ ಡಬ್ಬಿಯಲ್ಲಿ ನೂರು ಡಿಗ್ರಿ ದಾಟಿದ ನೀರು ಒಡೆದು ಹೊರಬಂದ ಕ್ಷಣ ಆವಿಯಾಗುತ್ತೆ. ನೀರು ಆವಿಯಾದ್ರೆ ಜಾಗ ಸುಮಾರು 1,600 ಪಟ್ಟು ಬೇಕು. ಅದರ ಮೇಲೇ ಮಂಚ ಇದೆ. ಬಾಡಿಗೆಗೆ ಬಂದವರ ಮಕ್ಕಳು ಮಲಗೋ ಮಂಚ.

"ಶನಿವಾರ ಫ್ಯಾಮಿಲಿ ಬರ್ತಿದೆ, ಸದ್ಯಕ್ಕೆ ಪ್ಲಗ್ ಇರ್ಲಿ, ಚಳಿಗಾಲದಲ್ಲಿ ನೋಡೋಣ" ಅಂತ ಯಾರ್ಡಲ್ಲಿ ಹೇಳಿದ್ರು. ನಾನು ಆಗಲ್ಲ ಅಂದೆ. ಮಾತಿಗೆ ಮಾತು ಬೆಳೀತು. ಪ್ಲಗ್ ನನ್ನ ಜೇಬಲ್ಲಿತ್ತು, ಅದೊಂದು ಅನುಕೂಲ ಆಯ್ತು.

5/6

ರಿಪೇರಿ ಹೇಳೋಕೆ ಜಾಸ್ತಿ ಇಲ್ಲ. ಹೊಸ ಎಕ್ಸ್‌ಪಾನ್ಷನ್ ಟ್ಯಾಂಕ್, ಪಂಪಿನ ಒತ್ತಡ ನೋಡ್ಕೊಂಡು ಸೈಕಲ್ ಪಂಪಲ್ಲಿ ಗಾಳಿ. ಹೊಸ ಗ್ಯಾಸ್ಕೆಟ್. ಹೊಸ ಸೇಫ್ಟಿ ವಾಲ್ವ್, ಅದೇ 3 ಬಾರ್. 6 ಬಾರಿಂದು ಹಾಕಿದ್ರೆ ತೊಟ್ಟಿಕ್ಕೋದು ನಿಲ್ಲುತ್ತೆ ಅಂತ ಒಬ್ಬ ಮೆಸೇಜ್ ಮಾಡಿದ್ದ. ಹೌದಪ್ಪ, ಜ್ವರ ಬಂದಾಗ ಥರ್ಮಾಮೀಟರ್ ಮುರಿದ್ರೆ ಜ್ವರಾನೂ ಕಾಣಲ್ಲ. ವಾಲ್ವಿನ ಬಾಯಿಂದ ಒಂದು ಪೈಪ್ ಎಳೆದು ಎಲ್ಲರಿಗೂ ಕಾಣೋ ಬಾಟಲಿಗೆ ಬಿಟ್ಟಿದ್ದೀನಿ. ಮತ್ತೆ ತೊಟ್ಟಿಕ್ಕಿದ್ರೆ ಗೊತ್ತಾಗ್ಲಿ ಅಂತ. ಎಲ್ಲಾ ಸೇರಿ 100 ಪೌಂಡ್ ಒಳಗೆ. ಹೊಸ ಬಾಯ್ಲರ್ ಆಗಿದ್ರೆ ಅದರ ನಾಲ್ಕೈದು ಪಟ್ಟು, ಅದೂ ರಬ್ಬರ್ ಹರಿದ ಹಳೇ ಟ್ಯಾಂಕಿನ ಜೊತೆ ಮತ್ತೆ ಅದೇ ಕಥೆ.

ಟೇಪೇ ಬೇಡ ಅಂತ ಹೇಳ್ತಿಲ್ಲ. ನಡುಕಾಲುವೆಯಲ್ಲಿ, ಮಳೆಯಲ್ಲಿ, ತಣ್ಣೀರಿನ ಪೈಪ್ ಬಿರುಕು ಬಿಟ್ರೆ ಪಂಪ್ ಆಫ್ ಮಾಡಿ ಟೇಪ್ ಸುತ್ತಿ, ನಾನೂ ಸುತ್ತುತ್ತೀನಿ. ಮೇಲೆ ಮಾರ್ಕರಲ್ಲಿ ತಾರೀಖು ಬರೀರಿ. ತಾರೀಖಿಲ್ಲದ "ಸದ್ಯಕ್ಕೆ" ಇದೆಯಲ್ಲ, ಅದರ ಮೇಲೆ ನನಗೆ ಕೋಪ.

6/6

"ನೀರು ತಾನೇ, ಇಷ್ಟೊಂದು ಯಾಕೆ?" ಅನ್ನೋರಿಗೆ. ನೀರು ಸೋರಿದ್ರೆ ಕಾಲಿಗಾದ್ರೂ ತಾಗುತ್ತೆ. ಹೊಗೆ ಸೋರಿದ್ರೆ? 2013ರ ಏಪ್ರಿಲ್ 1ರಂದು ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ ಆರ್ನಿಸ್ಟನ್ ಅನ್ನೋ ಮೋಜಿನ ಬೋಟಲ್ಲಿ ತಾಯಿ ಮಗಳು ಇಬ್ಬರೂ ಸತ್ತರು. ಕರೆಂಟಿಗೆ ಅಂತ ಇಟ್ಟ ಜನರೇಟರಿಗೆ ಕೈಯಾರೆ ಜೋಡಿಸಿದ ಹೊಗೆಕೊಳವೆ, ಅದರಿಂದ ಸೋರಿದ ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಬೋಟಲ್ಲಿ ಅಲಾರಂ ಇತ್ತು, ಕರೆಂಟಿಗೆ ಜೋಡಿಸಿರಲಿಲ್ಲ. 2019ರ ಏಪ್ರಿಲ್ 1ರಿಂದ ಇಲ್ಲಿನ ಬೋಟ್ ಸುರಕ್ಷತಾ ತಪಾಸಣೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇಕೇ ಬೇಕು. ಯಾರೋ "ಸದ್ಯಕ್ಕೆ" ಅಂದು ಮಾಡಿದ ಜೋಡಣೆ ಅದೂ ಇರಬೇಕು.

ನಿಮಗೆ ಬೋಟ್ ಇಲ್ಲ, ಸರಿ. ಪೀಜಿ ಬಚ್ಚಲಲ್ಲಿ ಗೀಸರ್ ಇದೆಯಲ್ಲ? ಅದರ ಕೆಳಗೂ ಇಂಥದ್ದೇ ಒಂದು ವಾಲ್ವ್ ಇರುತ್ತೆ. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಅದು ತೊಟ್ಟಿಕ್ಕುತ್ತೆ, ಓನರ್ ಕಳಿಸಿದ ಪ್ಲಂಬರ್ ಎಂಡ್ ಕ್ಯಾಪ್ ಹಾಕಿ ಇನ್ನೂರು ರೂಪಾಯಿ ತಗೊಂಡು ಹೋಗ್ತಾನೆ. ಗ್ಯಾಸ್ ಗೀಸರ್ ಆಗಿದ್ದು, ಕಿಟಕಿಗೆ ಚಳಿ ಅಂತ ರಟ್ಟು ಹಚ್ಚಿದ್ರೆ ಇವತ್ತೇ ರಟ್ಟು ಕಿತ್ತುಹಾಕಿ, ಗೀಸರನ್ನ ಬಚ್ಚಲಿನ ಹೊರಗೆ ಹಾಕೋವರೆಗೆ ಓನರ್ ಹತ್ರ ಜಗಳ ಆಡಿ.

ಸ್ಟೋರೇಜ್ ಗೀಸರ್ ಇರೋರು ಕೆಳಗೆ ಬಗ್ಗಿ ವಾಲ್ವಿನ ಫೋಟೋ ತೆಗೆದು ನನಗೆ ಕಳಿಸಿ. ಅದರ ಬಾಯಿಗೆ ಕ್ಯಾಪ್ ಕಂಡ್ರೆ ಮೊದಲು ಸ್ವಿಚ್ ಆಫ್ ಮಾಡಿ, ಫೋಟೋ ಆಮೇಲೆ.