ಸನ್ಮಾನದ ಶಾಲು, ಅಮ್ಮನ ಶಾಲು

ದಿಲ್ಲಿಯಲ್ಲಿ ಸರ್ಕಾರಿ ನೌಕರಿ ಮುಗಿಸಿದ ಕನ್ನಡದ ಕುಟುಂಬ ಊರಿಗೆ ಮರಳಲು ಸಾಮಾನು ಕಟ್ಟುವಾಗ ಉಲ್ಲನ್ನಿನ ಮೇಲೊಂದು ಸಣ್ಣ ಜಗಳ ಆಗಿಯೇ ಆಗುತ್ತದೆ. ಕ್ವಾರ್ಟರ್ಸ್ ಖಾಲಿ ಮಾಡುವ ತಾರೀಖು ನಿಗದಿಯಾಗಿದೆ, ಲಾರಿಯಲ್ಲಿ ಜಾಗಕ್ಕೆ ಲೆಕ್ಕವಿದೆ. ಮಂಚ, ಗ್ರೈಂಡರ್, ಪುಸ್ತಕ ಹೋಗಲೇಬೇಕು. ರಜಾಯಿಗಳನ್ನು ಕೆಲಸದಾಕೆಗೆ ಕೊಟ್ಟಾಯಿತು. ಉಳಿದದ್ದು ಅಮ್ಮನ ಚೀಲ: ಎರಡು ಕಡ್ಡಿ, ಏಳೆಂಟು ಉಂಡೆ, ಮುಕ್ಕಾಲು ಪಾಲು ಆಗಿರುವ ಒಂದು ಶಾಲು. "ಮಂಗಳೂರಿನ ಸೆಕೆಗೆ ಇದನ್ನು ಯಾರು ಹೊದ್ದುಕೊಳ್ಳುವುದು ಅಮ್ಮ?" ಎಂದು ಮಗಳು ಕೇಳುತ್ತಾಳೆ. "ಅದು ಟೈಂಪಾಸು, ಬಿಡು" ಎಂದು ಅಪ್ಪ ರಟ್ಟಿನ ಡಬ್ಬಕ್ಕೆ ಟೇಪು ಹಚ್ಚುತ್ತಾರೆ.

ಅದೇ ಮನೆಯ ಬೀರುವಿನಲ್ಲಿ ಬೇರೆ ಹತ್ತು ಹನ್ನೆರಡು ಶಾಲುಗಳಿರುತ್ತವೆ. ರಾಜ್ಯೋತ್ಸವದ್ದೊಂದು, ನಿವೃತ್ತಿಯ ಬೀಳ್ಕೊಡುಗೆಯದ್ದೊಂದು, ಸಂಘದ ಪದಾಧಿಕಾರಿಯಾಗಿದ್ದಾಗ ಬಂದವು ನಾಲ್ಕೈದು. ಕೆಲವಕ್ಕೆ ಪ್ಲಾಸ್ಟಿಕ್ ಕವರನ್ನೂ ತೆಗೆದಿಲ್ಲ. ಚಳಿ ತಡೆಯುವಷ್ಟು ದಪ್ಪವಿಲ್ಲ, ಬೇರೆ ಯಾವ ಉಪಯೋಗವೂ ಇಲ್ಲ. ಆದರೂ ಅವನ್ನು ಮಂಗಳೂರಿನಲ್ಲಿ ಯಾರು ಹೊದೆಯುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಕನ್ನಡದಲ್ಲಿ 'ಶಾಲು ಹೊದಿಸಿದರು' ಎಂದರೆ ಗೌರವಿಸಿದರು ಎಂದೇ ಅರ್ಥ. ಮರ್ಯಾದೆಗೆ ಲಾರಿಯಲ್ಲಿ ಜಾಗ ಸಿಗುತ್ತದೆ, ದುಡಿಮೆಗೆ ಸಿಗುವುದಿಲ್ಲ. (ಮುಂಬೈ, ಚೆನ್ನೈ ಓದುಗರಿಗೆ ಇದು ಚಳಿನಾಡಿನ ಮಾತು ಎನಿಸಿದರೆ, ಅಲ್ಲಿನ ಮನೆಗಳ ಕ್ರೋಶಾ ಟೀಪಾಯಿ ಹೊದಿಕೆಗಳ ಗತಿ ನೆನಪಿಸಿಕೊಳ್ಳಬಹುದು.)

ಟೈಂಪಾಸು ಎಂಬ ಮಾತನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಮದುವೆಯಾಗಿ ಕರಾವಳಿಯಿಂದಲೋ ಧಾರವಾಡದಿಂದಲೋ ಬಂದ ಹೆಂಗಸರಿಗೆ ಹೆಣಿಗೆ ಕಲಿಸಿದ್ದು ಆರ್.ಕೆ. ಪುರಂ, ಸರೋಜಿನಿ ನಗರಗಳ ಚಳಿಗಾಲದ ಬಿಸಿಲು ಮತ್ತು ಪಕ್ಕದ ಮನೆಯ ಪಂಜಾಬಿ ಹೆಂಗಸು. ಹಿಂದಿ ಸರಿಯಾಗಿ ಬರುವ ಮುಂಚೆಯೇ ಸೀಧಾ, ಉಲ್ಟಾ, ಫಂದಾ ಬಂದವು. ಹಿಂದಿಯಲ್ಲಿ ಮಗ್ಗದ ಕೆಲಸಕ್ಕೂ ಕಡ್ಡಿಯ ಕೆಲಸಕ್ಕೂ 'ಬುನ್‌ನಾ' ಒಂದೇ ಸಾಕು. ಕನ್ನಡ ಅವೆರಡನ್ನು ಬೇರೆಯೇ ಇಟ್ಟಿದೆ: ಮಗ್ಗದ್ದು ನೇಯ್ಗೆ, ಕೈಯದ್ದು ಹೆಣಿಗೆ. ಜಡೆ, ಬುಟ್ಟಿ, ಸ್ವೆಟರ್ ಎಲ್ಲವೂ ಹೆಣಿಗೆಯ ಕಡೆಗೇ. 'ನಾಲ್ಕು ಫಂದಾ ಬಿಟ್ಟುಹೋಯ್ತು, ಬಿಚ್ಚಿ ಮತ್ತೆ ಹೆಣೀಬೇಕು' ಎನ್ನುವ ಕನ್ನಡ ಆ ಹುಲ್ಲುಹಾಸಿನ ಮೇಲೆ ಹುಟ್ಟಿದ್ದು. ಮಕ್ಕಳ ಶಾಲೆಯ ಸ್ವೆಟರ್ ಚಿಕ್ಕದಾದರೆ ಬಿಚ್ಚಿ, ಗುಂಗುರಾದ ನೂಲನ್ನು ಲಡಿ ಸುತ್ತಿ ತೊಳೆದು ನೇರ ಮಾಡಿ, ಹೊಸ ನೂಲು ಸೇರಿಸಿ ದೊಡ್ಡದು ಮಾಡುತ್ತಿದ್ದರು. ಒಂದು ಸಂಬಳದ ಮನೆಯಲ್ಲಿ ಅದು ಟೈಂಪಾಸಾಗಿರಲಿಲ್ಲ.

ಆ ಹುಲ್ಲುಹಾಸುಗಳೂ ಈಗ ಹೋಗುತ್ತಿವೆ. ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರ ಸೇರಿ ಏಳು ಸರ್ಕಾರಿ ಕಾಲೊನಿಗಳನ್ನು ಕೆಡವಿ ಮತ್ತೆ ಕಟ್ಟಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ತಗ್ಗಿನ ಮನೆಗಳಿದ್ದಲ್ಲಿ ಗೋಪುರಗಳು ಏಳುತ್ತಿವೆ.

ಮಗಳ ಲೆಕ್ಕ ಪೂರ್ತಿ ತಪ್ಪಲ್ಲ. ಲಾರಿ ಬಾಡಿಗೆ ಹಗುರವಲ್ಲ, ಉಣ್ಣೆಗೆ ನುಸಿಯ ಕಾಟ, ಕರಾವಳಿಯ ಮಳೆಗಾಲದಲ್ಲಿ ಬೀರುವಿನೊಳಗೂ ಬೂಸ್ಟು. ಆದರೆ "ಅಲ್ಲಿಗೆ ಹೋದ ಮೇಲೆ ಬೇಕಾದರೆ ಉಲ್ಲನ್ ತಗೊಂಡು ಮುಗಿಸಿದರಾಯಿತು" ಎನ್ನುವವರು ಕಡ್ಡಿ ಹಿಡಿದವರಲ್ಲ. ಒಂದು ಸಲ ಅದ್ದಿದ ಬಣ್ಣ ಇನ್ನೊಂದು ಸಲಕ್ಕೆ ಹಾಗೇ ಬರುವುದಿಲ್ಲ. ಲಾಟ್ ನಂಬರು ಬದಲಾದರೆ ಶಾಲಿನ ಮಧ್ಯೆ ಗೆರೆ ಎದ್ದು ಕಾಣುತ್ತದೆ. "ಇನ್ನು ನಾಲ್ಕು ಬೆರಳು ತಾನೆ" ಎನ್ನುವುದೂ ಹಾಗೆಯೇ. ಮೂಲೆಯಿಂದ ಶುರುವಾಗುವ ಮುಕ್ಕೋನದ ಶಾಲು ಸಾಲುಸಾಲಿಗೂ ಅಗಲವಾಗುತ್ತಾ ಹೋಗುತ್ತದೆ. ಉದ್ದದಲ್ಲಿ ಹತ್ತರಲ್ಲಿ ಏಳು ಪಾಲು ಆದಾಗ ಕೆಲಸ ಅರ್ಧವಷ್ಟೇ ಆಗಿರುತ್ತದೆ.

ಮನೆ ಬಿಡುವ ವಾರದಲ್ಲಿ ಹೆಣಿಗೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ಆ ವಾರದಲ್ಲೇ ಇದೆ. ಪಾತ್ರೆ ಡಬ್ಬ ಸೇರಿದೆ, ಟಿವಿ ಕಟ್ಟಿಯಾಗಿದೆ. ಪ್ಯಾಕರ್ಸ್‌ನವರು ಹನ್ನೊಂದಕ್ಕೆ ಎಂದು ಎರಡಕ್ಕೆ ಬರುತ್ತಾರೆ, ಗ್ಯಾಸ್ ಸಿಲಿಂಡರ್ ಒಪ್ಪಿಸಲು ಹೋದವರು ಇನ್ನೂ ಬಂದಿಲ್ಲ. ಇಂಥ ಹೊತ್ತಿನಲ್ಲಿ ಡಬ್ಬದ ಮೇಲೆ ಕೂತು ಮಾಡಬಹುದಾದ, ಸಾಲು ಮುಗಿದಲ್ಲಿ ನಿಲ್ಲಿಸಿ ಏಳಬಹುದಾದ ಕೆಲಸ ಅದೊಂದೇ. ಮನಸ್ಸು ಬಿಗಿದಾಗ ಕೈಯೂ ಬಿಗಿಯುತ್ತದೆ ಎಂದು ಹೆಣೆಯುವವರು ಹೇಳುತ್ತಾರೆ. ಮೂವತ್ತು ವರ್ಷದ ಮನೆ ಬಿಟ್ಟ ವಾರದ ಸಾಲುಗಳನ್ನು ಆಮೇಲೆ ಶಾಲಿನಲ್ಲಿ ಬೆರಳಿಟ್ಟು ತೋರಿಸಲೂ ಅವರಿಗೆ ಬರುತ್ತದೆ.

ಆದ್ದರಿಂದ ಉಲ್ಲನ್ನಿನ ಚೀಲದ ತೀರ್ಮಾನ ಅದನ್ನು ಹೆಣೆದವರದ್ದೇ ಆಗಬೇಕು, ಮತ್ತು ಆ ಮಾತು ಲಾರಿ ಬರುವ ದಿನ ಬಾಗಿಲಲ್ಲಿ ನಿಂತು ಆಡುವುದಲ್ಲ. ಅವರೇ ಬೇಡವೆಂದರೆ ಬೇಡ. ಬೇಕೆಂದರೆ ಒಂದು ಡಬ್ಬ, ನುಸಿಗುಳಿಗೆ ಸಮೇತ. ಜಾಗ ಸಾಲದಿದ್ದರೆ ಸನ್ಮಾನದ ಶಾಲುಗಳಿವೆಯಲ್ಲ, ಗಾಜಿನ ಲೋಟ, ಪಿಂಗಾಣಿ ಬಟ್ಟಲು ಸುತ್ತಲು ಹಳೇ ಪೇಪರಿಗಿಂತ ಚೆನ್ನಾಗಿ ಆಗುತ್ತವೆ.