ಲಾಭದ ಲೆಕ್ಕ ಬೇರೆ, ಶಿಲ್ಕಿನ ಲೆಕ್ಕ ಬೇರೆ

ಸಣ್ಣ ಉದ್ದಿಮೆಗಳು ಮುಗ್ಗರಿಸುವುದು ನಷ್ಟದಿಂದ ಮಾತ್ರ ಎಂಬ ನಂಬಿಕೆ ವ್ಯಾಪಾರಿ ವಲಯದಲ್ಲಿ ಇಂದಿಗೂ ಬಲವಾಗಿದೆ. ಆದರೆ ಕೈತುಂಬ ಆರ್ಡರುಗಳೂ ಪುಸ್ತಕದಲ್ಲಿ ಲಾಭವೂ ಇರುವ ಘಟಕವೇ ತೆರಿಗೆ ಕಟ್ಟುವ ದಿನ ಹಣವಿಲ್ಲದೆ ಪರದಾಡುವುದುಂಟು.

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಘಟಕವೊಂದನ್ನು ಊಹಿಸಿಕೊಳ್ಳಬಹುದು. ಜೂನ್ ಆರಂಭದಲ್ಲಿ ಅದರ ಶಿಲ್ಕು 9.50 ಲಕ್ಷ ರೂಪಾಯಿ. 10 ಲಕ್ಷ ರೂಪಾಯಿಯ ಆರ್ಡರಿಗಾಗಿ 6 ಲಕ್ಷದ ಕಚ್ಚಾ ಮಾಲು, ಅದರ ಮೇಲೆ ಶೇ. 18ರ ಜಿ.ಎಸ್.ಟಿ. 1.08 ಲಕ್ಷ, ಕೂಲಿ ಹಾಗೂ ಇತರೆ ವೆಚ್ಚ 2 ಲಕ್ಷ, ಒಟ್ಟು 9.08 ಲಕ್ಷ ಜೂನ್‌ನಲ್ಲೇ ಹೊರಹೋಗುತ್ತದೆ. ತಿಂಗಳ ಕೊನೆಗೆ ಮಾಲು ರವಾನೆಯಾಗಿ ಬಿಲ್ಲು ಸಿದ್ಧವಾಗುತ್ತದೆ. ಲಾಭ 2 ಲಕ್ಷ. ಉಳಿದ ಶಿಲ್ಕು 42,000. ಖರೀದಿದಾರರು ಹಣ ಕೊಡುವುದು ಆಗಸ್ಟ್ ಅಂತ್ಯಕ್ಕೆ. ಆದರೆ ಬಿಲ್ಲಿನ ಮೇಲಿನ ತೆರಿಗೆ ವಸೂಲಿಗಾಗಿ ಕಾಯುವುದಿಲ್ಲ. ಹೂಡುವಳಿ ತೆರಿಗೆ ಕಳೆದು ಉಳಿಯುವ 72,000 ರೂಪಾಯಿಯನ್ನು ಜುಲೈ 20ರೊಳಗೆ ಕಟ್ಟಬೇಕು. ಜುಲೈ ತಿಂಗಳ ಕೂಲಿ, ಬಾಡಿಗೆಗಳನ್ನು ಗಣಿಸುವ ಮೊದಲೇ 30,000 ರೂಪಾಯಿ ಕೊರತೆ!

ಈ ಕೊರತೆಯನ್ನು ಲಾಭ-ನಷ್ಟ ಪಟ್ಟಿ ತೋರಿಸುವುದಿಲ್ಲ. ಸಾಮಾನ್ಯ ಸ್ಪ್ರೆಡ್‌ಶೀಟ್ ಒಂದು ತಿಂಗಳು ಮೊದಲೇ ತೋರಿಸುತ್ತದೆ. ಅಡ್ಡಲಾಗಿ ಮುಂದಿನ 13 ವಾರಗಳು; ಕೆಳಮುಖವಾಗಿ ಆರಂಭಿಕ ಶಿಲ್ಕು, ಬರುವ ಹಣ, ಹೋಗುವ ಹಣ, ಅಂತಿಮ ಶಿಲ್ಕು. ಒಂದು ವಾರದ ಅಂತಿಮ ಶಿಲ್ಕೇ ಮುಂದಿನ ವಾರದ ಆರಂಭಿಕ ಶಿಲ್ಕು. ಟಿ.ಡಿ.ಎಸ್.ಗೆ 7, ಭವಿಷ್ಯನಿಧಿ ಹಾಗೂ ಇ.ಎಸ್.ಐ.ಗೆ 15, ಮಾಸಿಕ ಜಿ.ಎಸ್.ಟಿ.ಗೆ 20 ಎಂಬ ತಾರೀಖುಗಳನ್ನು ಮೊದಲು ತುಂಬಬೇಕು. ಬ್ಯಾಂಕಿನ ಕಂತು, ಸಂಬಳ, ಹಬ್ಬದ ಬೋನಸ್ ನಂತರ.

ಬರುವ ಹಣದ ಸಾಲಿನಲ್ಲಿಯೇ ಹೆಚ್ಚಿನ ತಪ್ಪುಗಳಾಗುವುದು. 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಮಾಲು ಪಡೆದವರು, ಲಿಖಿತ ಒಪ್ಪಂದವಿದ್ದರೂ, 45 ದಿನಗಳನ್ನು ಮೀರದಂತೆ ಹಣ ಪಾವತಿಸಬೇಕು. ತಪ್ಪಿದಲ್ಲಿ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಈ ಹಕ್ಕನ್ನು ಉದ್ಯಮಿಗಳು ಬಳಸಿಕೊಳ್ಳಲೇಬೇಕು. ಆದರೆ ಹಕ್ಕಿನಿಂದ ಶನಿವಾರದ ಕೂಲಿ ಬಟವಾಡೆಯಾಗದು. ಆದ್ದರಿಂದ ಹಾಳೆಯಲ್ಲಿ ಬರೆಯಬೇಕಾದುದು ಕಾಯಿದೆಯ ಗಡುವನ್ನಲ್ಲ, ಆ ಗ್ರಾಹಕರು ಹಿಂದಿನ ಬಿಲ್ಲುಗಳಿಗೆ ವಾಸ್ತವವಾಗಿ ಹಣ ಕೊಟ್ಟ ದಿನಗಳನ್ನು. ಇನ್ನೂ ಖಚಿತವಾಗದ ಆರ್ಡರಿನ ಹಣವನ್ನು ಜಮಾ ಹಿಡಿಯುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

ಅನುಭವಿ ವ್ಯಾಪಾರಿಗೆ ಎಲ್ಲವೂ ಬಾಯಿಲೆಕ್ಕದಲ್ಲೇ ಇರುವಾಗ ಈ ಹಾಳೆಯ ಗೊಡವೆ ಏಕೆ ಎಂಬ ಆಕ್ಷೇಪಣೆ ಇದೆ. ಬಾಯಿಲೆಕ್ಕ ಇಂದಿನ ಶಿಲ್ಕನ್ನು ಹೇಳಬಲ್ಲದು. ಒಬ್ಬ ದೊಡ್ಡ ಗ್ರಾಹಕ ಮೂರು ವಾರ ತಡಮಾಡಿದರೆ ಏನಾದೀತು ಎಂಬುದಕ್ಕೆ, ಒಂದು ಅಂಕಿಯನ್ನು ಬೇರೆ ವಾರಕ್ಕೆ ಸರಿಸಿದೊಡನೆ ಉತ್ತರಿಸುವುದು ಸ್ಪ್ರೆಡ್‌ಶೀಟ್ ಮಾತ್ರ.

ಈ ಕೆಲಸವನ್ನು ಲೆಕ್ಕಪರಿಶೋಧಕರಿಗೆ ವಹಿಸಿ ಮರೆಯುವುದೂ ಸರಿಯಲ್ಲ. ಯಾವ ಗ್ರಾಹಕರ ಮಾತು ನಂಬಲರ್ಹ ಎಂಬುದು ಮಾಲೀಕರಿಗೆ ಮಾತ್ರ ಗೊತ್ತು. ಪ್ರತಿ ಸೋಮವಾರ ಅರ್ಧ ಗಂಟೆ ಕುಳಿತು, ಕಳೆದ ವಾರದ ಅಂದಾಜನ್ನು ಬ್ಯಾಂಕಿನ ಪಾಸ್‌ಪುಸ್ತಕದೊಡನೆ ತಾಳೆ ನೋಡಿ, ಹೊಸ ವಾರವೊಂದನ್ನು ಸೇರಿಸಿದರೆ ಸಾಕು. ಕೊರತೆಯ ದಿನ ಬ್ಯಾಂಕಿಗೆ ಓಡುವವರು ಸಾಲ ಬೇಡುತ್ತಾರೆ. ತಿಂಗಳ ಮುಂಚೆ ಹಾಳೆ ಹಿಡಿದು ಹೋಗುವವರು ವ್ಯವಹಾರ ಮಾತನಾಡುತ್ತಾರೆ.